ಇಲ್ಲದ ರಾಜ್ಯಕ್ಕೊಂದು ನಕ್ಷೆ: ಬೆಟ್ಟ ಮೊದಲು, ಊರು ಕೊನೆಗೆ

ಕಥೆ ಬರೆಯುವವರು, ಮಕ್ಕಳ ಜೊತೆ ಕೂತು ಆಟ ಕಟ್ಟುವವರು, ಬಸ್ಸಿನಲ್ಲಿ ಹೋಗ್ತಾ ತಲೆಯೊಳಗೆ ಒಂದು ರಾಜ್ಯವನ್ನೇ ಕಟ್ಟಿಕೊಳ್ಳುವವರು, ಇವರಿಗೆಲ್ಲ ಒಂದು ದಿನ ಆ ಜಾಗದ ನಕ್ಷೆ ಬರೆಯಬೇಕು ಅನಿಸುತ್ತದೆ. ಪೆನ್ಸಿಲ್ ಹಿಡಿದ ಕೂಡಲೇ ಬಹಳ ಜನ ಅರಮನೆ ಬರೆಯುತ್ತಾರೆ. ಅದರ ಸುತ್ತ ಕೋಟೆ, ಪಕ್ಕಕ್ಕೆ ಕಾಡು, ಕೊನೆಗೆ ಜಾಗ ಉಳಿದ ಕಡೆ ಒಂದು ನದಿ. ಚಿತ್ರ ಚೆನ್ನಾಗೇ ಇರುತ್ತದೆ, ಆದರೆ ಅಲ್ಲಿ ಯಾರೋ ಬದುಕುತ್ತಿದ್ದಾರೆ ಅಂತ ನಂಬಿಕೆ ಬರುವುದಿಲ್ಲ. ಅದಕ್ಕೇ ಕ್ರಮ ಬದಲಿಸಿ ನೋಡಿ. ಬೆಟ್ಟ ಮೊದಲು, ಆಮೇಲೆ ನೀರು, ಊರು ಕೊನೆಗೆ. ಮೈಸೂರು, ಮಂಡ್ಯ ಕಡೆಯವರಿಗಂತೂ ಇದನ್ನು ಕಲಿಸಲು ಕಾವೇರಿಯೇ ಇದ್ದಾಳೆ.

ಸಾಮಾನು ಜಾಸ್ತಿ ಬೇಡ. ಒಂದು ಎ3 ಡ್ರಾಯಿಂಗ್ ಶೀಟ್, ಎಚ್‌ಬಿ ಪೆನ್ಸಿಲ್, ಒಳ್ಳೆ ರಬ್ಬರ್, ನೀರು ತಾಗಿದರೂ ಹರಡದ ಕಪ್ಪು ಶಾಯಿಯ ಸಣ್ಣ ಮೊನೆಯ ಪೆನ್ನುಗಳು. ಪೆನ್ನು 0.1, 0.3, 0.5 ಹೀಗೆ ಮೂರು ದಪ್ಪದಲ್ಲಿ ಇದ್ದರೆ ಸಾಕು. ಎಂಜಿನಿಯರಿಂಗ್ ಹುಡುಗರು ಡ್ರಾಯಿಂಗ್ ಸಾಮಾನು ಕೊಳ್ಳುವ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಜೆಲ್ ಪೆನ್ ಬೇಡ, ಮೇಲೆ ಬಣ್ಣ ಹಚ್ಚಿದರೆ ಕಲೆಸಿಹೋಗುತ್ತದೆ.

ಅಂಚು ಮತ್ತು ಬೆಟ್ಟ

ನಿಮ್ಮ ನಾಡಿಗೆ ಸಮುದ್ರ ಇದೆಯಾ? ಹಾಗಿದ್ದರೆ ಕರಾವಳಿಯನ್ನು ಕೈಯಿಂದ ಎಳೆಯಲು ಹೋಗಬೇಡಿ, ಕೈ ತಾನಾಗಿ ಗುಂಡಗೆ ಎಳೆದುಬಿಡುತ್ತದೆ. ಒಂದು ಹಿಡಿ ಹುರುಳಿಕಾಳು ತಗೊಂಡು ಹಾಳೆಯ ಮೇಲೆ ಸುರಿಯಿರಿ. ಬೆರಳಿನಿಂದ ಅಲ್ಲಲ್ಲಿ ಸ್ವಲ್ಪ ತಳ್ಳಿ. ರಾಶಿಯ ಅಂಚನ್ನೇ ಹಿಡಿದು ಪೆನ್ಸಿಲ್ ಓಡಿಸಿ. ಕೊಲ್ಲಿ, ಮೂಲೆ, ಚಾಚಿಕೊಂಡ ಭೂಮಿ ಎಲ್ಲ ತಾನಾಗೇ ಬರುತ್ತದೆ, ದೂರ ಸಿಡಿದ ಕಾಳುಗಳು ದ್ವೀಪಗಳಾಗುತ್ತವೆ.

ಈಗ ಬೆಟ್ಟದ ಸಾಲು. ಇನ್ನೂ ಬೆಟ್ಟದ ಚಿತ್ರ ಬೇಡ, ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತೆಳ್ಳಗೆ ಒಂದು ಗೆರೆ ಎಳೆದರೆ ಸಾಕು. ಆಮೇಲೆ ಮಳೆಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ತೀರ್ಮಾನಿಸಿ ಅಂಚಿನಲ್ಲಿ ಒಂದು ಬಾಣದ ಗುರುತು ಹಾಕಿ. ಈ ಬಾಣಕ್ಕೆ ಬಹಳ ಬೆಲೆ ಇದೆ. ನಮ್ಮಲ್ಲಿ ಮುಂಗಾರು ನೈಋತ್ಯದಿಂದ ಬಂದು ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ, ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಸುರಿಯುತ್ತದೆ, ಅದೇ ಮೋಡ ಮೈಸೂರಿಗೆ ಬರುವಷ್ಟರಲ್ಲಿ ಸುಸ್ತಾಗಿ ಇಲ್ಲಿಗೆ ಸುಮಾರು 800 ಮಿ.ಮೀ. ಸಿಕ್ಕರೆ ಹೆಚ್ಚು. ನಿಮ್ಮ ನಕ್ಷೆಯಲ್ಲೂ ಅಷ್ಟೇ. ಗಾಳಿ ಬಡಿಯುವ ಕಡೆ ದಟ್ಟ ಕಾಡು, ಬೆಟ್ಟದ ಆಚೆ ಒಣ ಬಯಲು. ಕಾಡು ಎಲ್ಲಿ ಬರೆಯಲಿ ಅನ್ನುವ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಬಯಲಲ್ಲಿ ಒಂದೆರಡು ಒಂಟಿ ಬೆಟ್ಟ ಬಿಡಿ. ಚಾಮುಂಡಿ ಬೆಟ್ಟ, ಕರಿಘಟ್ಟ, ಪಾಂಡವಪುರದ ಕುಂತಿಬೆಟ್ಟ ಇವೆಲ್ಲ ಬಯಲ ನಡುವೆ ಎದ್ದು ನಿಂತಿವೆ, ದೂರದಿಂದಲೇ ಗುರುತು ಸಿಗುತ್ತವೆ. ದೇವಸ್ಥಾನಕ್ಕೋ ಕಾವಲಿಗೋ ಇಂಥ ಜಾಗಕ್ಕಿಂತ ಒಳ್ಳೆಯದು ಬೇಕಾ?

ನೀರು

ಇಲ್ಲಿ ನಿಧಾನ ಮಾಡಿ. ನಕ್ಷೆಯ ಜೀವ ಇರುವುದೇ ಇಲ್ಲಿ.

ನದಿ ಬೆಟ್ಟದಲ್ಲಿ ಹುಟ್ಟಿ ತಗ್ಗಿನ ಕಡೆ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೂ ಹೊಸದಾಗಿ ನಕ್ಷೆ ಬರೆಯುವವರ ಕೈಯಲ್ಲಿ ನದಿ ಹೋಗ್ತಾ ಹೋಗ್ತಾ ಕವಲೊಡೆದು ಎರಡು ಬೇರೆ ಬೇರೆ ಸಮುದ್ರ ಸೇರಿಬಿಡುತ್ತದೆ. ನದಿಗಳು ಕೂಡುತ್ತವೆ, ಹಾಗೆ ಸುಲಭಕ್ಕೆ ಒಡೆಯುವುದಿಲ್ಲ. ಕಾವೇರಿಯನ್ನೇ ಮೇಲಿನಿಂದ ಕೆಳಗೆ ಹಿಡಿದು ಬನ್ನಿ. ಕೆಆರ್‌ಎಸ್ ಹಿನ್ನೀರಿನಲ್ಲಿ ಹೇಮಾವತಿ ಮತ್ತು ಲಕ್ಷ್ಮಣತೀರ್ಥ ಬಂದು ಸೇರುತ್ತವೆ, ಶ್ರೀರಂಗಪಟ್ಟಣದ ಹತ್ತಿರ ಲೋಕಪಾವನಿ, ತಿ. ನರಸೀಪುರದಲ್ಲಿ ಕಪಿಲೆ, ಶಿವನಸಮುದ್ರ ದಾಟಿದ ಮೇಲೆ ಶಿಂಷಾ. ಒಂದೊಂದು ಸೇರಿದಾಗಲೂ ನಿಮ್ಮ ಗೆರೆ ಒಂದು ಚೂರು ದಪ್ಪ ಆಗಬೇಕು. ಎರಡು ಹೊಳೆ ಸೇರುವ ಮೂಲೆಯ ಚೂಪು ನೀರು ಹೋಗುವ ದಿಕ್ಕಿಗೆ ಇರಲಿ. ಇದೊಂದು ತಪ್ಪಿದರೆ ನೀರು ಬೆಟ್ಟ ಹತ್ತುತ್ತಿರುವ ಹಾಗೆ ಕಾಣುತ್ತದೆ.

ಹಾಗಾದರೆ ನದಿ ಒಡೆಯುವುದೇ ಇಲ್ವಾ? ಒಡೆಯುತ್ತದೆ, ಆದರೆ ಮತ್ತೆ ಕೂಡಲು. ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಎರಡಾಗಿ ಹರಿದ ಕಾವೇರಿ ಮುಂದೆ ಒಂದಾಗುತ್ತಾಳೆ. ಶಿವನಸಮುದ್ರದಲ್ಲೂ ಎರಡು ಕವಲು, ಒಂದರಲ್ಲಿ ಗಗನಚುಕ್ಕಿ, ಇನ್ನೊಂದರಲ್ಲಿ ಭರಚುಕ್ಕಿ, ಧುಮುಕಿದ ಮೇಲೆ ಮತ್ತೆ ಒಂದೇ ಹೊಳೆ. ಇನ್ನು ಸಮುದ್ರದ ಹತ್ತಿರ ನೆಲ ಸಮತಟ್ಟಾದಾಗ ತಂಜಾವೂರು ಕಡೆ ಆಗಿರುವಂತೆ ನದಿ ಹಲವು ಕವಲಾಗಿ ಹರಡಿಕೊಳ್ಳುತ್ತದೆ. ಈ ಎರಡು ಸಂದರ್ಭ ಬಿಟ್ಟರೆ ಕವಲು ಬೇಡ. ಸರೋವರಕ್ಕೆ ಎಷ್ಟು ಹೊಳೆ ಬೇಕಾದರೂ ಬಂದು ಸೇರಲಿ, ಹೊರಗೆ ಹೋಗುವುದು ಮಾತ್ರ ಒಂದೇ ಇರಲಿ, ನೀರು ಎಲ್ಲಕ್ಕಿಂತ ತಗ್ಗಾದ ಕಡೆಯಿಂದ ದಾರಿ ಮಾಡಿಕೊಳ್ಳುತ್ತದೆ.

ಬೆಟ್ಟದಲ್ಲಿ ನದಿಯನ್ನು ಹೆಚ್ಚು ಕಡಿಮೆ ನೇರವಾಗಿ ಎಳೆಯಿರಿ, ಬಯಲಿಗೆ ಬಂದ ಮೇಲೆ ಬಳುಕಿಸಿ.

ಅಳತೆ ಹಿಡಿದು ಊರು ಇಡಿ

ಎ3 ಹಾಳೆಯ ಅಗಲ 42 ಸೆಂ.ಮೀ. ಒಂದು ಸೆಂ.ಮೀ.ಗೆ 5 ಕಿ.ಮೀ. ಅಂದುಕೊಂಡರೆ ನಿಮ್ಮ ನಾಡು 210 ಕಿ.ಮೀ. ಅಗಲ. ಮೈಸೂರಿನಿಂದ ಮಂಡ್ಯ ಸುಮಾರು 45 ಕಿ.ಮೀ., ಈ ಹಾಳೆಯಲ್ಲಿ 9 ಸೆಂ.ಮೀ. ಆಗುತ್ತದೆ. ಎತ್ತಿನಗಾಡಿ ದಿನಕ್ಕೆ 20-25 ಕಿ.ಮೀ. ಹೋಗುತ್ತದೆ ಅಂತ ಇಟ್ಟುಕೊಳ್ಳಿ, ಅಂದರೆ ಎರಡು ದಿನದ ದಾರಿ. ಹಾಗಾದರೆ ನಡುವೆ ರಾತ್ರಿ ತಂಗಲು ಒಂದು ಊರು ಬೇಕೇ ಬೇಕು ಅಲ್ವಾ? ಒಂದು ಊರು ಹೀಗೆ ಲೆಕ್ಕದಿಂದಲೇ ಹುಟ್ಟಿತು.

ಪ್ರತಿ ಊರಿಗೂ ಒಂದು ಕಾರಣ ಕೊಡಿ. ಸಂಗಮದಲ್ಲಿ ಊರು, ಹೊಳೆ ದಾಟಲು ಅನುಕೂಲ ಇರುವ ಕಡೆ ಊರು, ನದಿಯೇ ಕಂದಕ ಆಗಿರುವ ದ್ವೀಪದಲ್ಲಿ ಕೋಟೆ. ಮಂಡ್ಯ ನೋಡಿ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆ ಬಂತು, ನಾಲೆಯಿಂದ ಕಬ್ಬು ಬಂತು, ಕಬ್ಬಿನಿಂದ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಅದು ಬೇರೆ ಜಿಲ್ಲೆಯೇ ಆಯಿತು. ನಿಮ್ಮ ನಾಡಿನಲ್ಲೂ ಯಾರೋ ಒಬ್ಬ ರಾಣಿ ಅಣೆಕಟ್ಟು ಕಟ್ಟಿಸಿದರೆ ಅದರ ಕೆಳಗೆ ಯಾವ ಊರು ಬೆಳೆಯಿತು, ಹಿನ್ನೀರಿನಲ್ಲಿ ಯಾವುದು ಮುಳುಗಿತು ಅಂತ ಯೋಚಿಸಿ. ಕಥೆ ಬೇಕಿದ್ದವರಿಗೆ ಇಲ್ಲೇ ಎರಡು ಸಿಗುತ್ತವೆ.

ಹೆಸರಿಗೆ ಒದ್ದಾಡಬೇಡಿ. ನದಿಯ ಈಚೆ ದಡದ ಊರುಗಳೆಲ್ಲ ಕೊಪ್ಪಲು ಅಂತ ಮುಗಿಯಲಿ, ಆಚೆ ದಡದವು ಹುಂಡಿ ಅಂತ, ಕಾಡಂಚಿನವು ದೊಡ್ಡಿ ಅಂತ. ಓದುವವರಿಗೆ ಯಾರೂ ಹೇಳದೆಯೇ ಅಲ್ಲಿ ಮೂರು ಸೀಮೆ ಇದೆ ಅಂತ ತಿಳಿಯುತ್ತದೆ.

ಅಕ್ಷರ ಮತ್ತು ಶಾಯಿ

ಶಾಯಿ ಹಾಕುವಾಗ ಹೆಸರುಗಳೇ ಮೊದಲು. ಬೆಟ್ಟ, ಕಾಡು ತುಂಬಿಸಿದ ಮೇಲೆ ಹೆಸರಿಗೆ ಜಾಗ ಹುಡುಕುವುದು ಬಹಳ ಕಷ್ಟ. ಅದೂ ಕನ್ನಡದ ಅಕ್ಷರಕ್ಕೆ ಕೆಳಗೂ ಜಾಗ ಬೇಕು. ‘ಹಳ್ಳಿ’ ಅಂತ ಬರೆದರೆ ಒತ್ತಕ್ಷರ ಕೆಳಗಿಳಿದು ಅಲ್ಲಿದ್ದ ನದಿಯ ಗೆರೆಗೆ ತಾಗುತ್ತದೆ. ಅದಕ್ಕೆ ಪೆನ್ಸಿಲ್‌ನಲ್ಲಿ ಎರಡಲ್ಲ, ಮೂರು ಗೆರೆ ಎಳೆದುಕೊಳ್ಳಿ. ಮೇಲಿನ ಎರಡರ ನಡುವೆ ಅಕ್ಷರ, ಕೆಳಗಿನದರ ಒಳಗೆ ಒತ್ತು. ಇಂಗ್ಲಿಷ್‌ನವರು ರಾಜಧಾನಿಯನ್ನು ದೊಡ್ಡಕ್ಷರದಲ್ಲಿ ಬರೆದು ತೋರಿಸುತ್ತಾರೆ, ನಮಗೆ ಆ ದಾರಿ ಇಲ್ಲ, ಹಾಗಾಗಿ ರಾಜಧಾನಿಗೆ 0.5 ಪೆನ್ನು, ಪೇಟೆಗೆ 0.3, ಹಳ್ಳಿಗೆ 0.1 ಅಂತ ದಪ್ಪದಲ್ಲೇ ವ್ಯತ್ಯಾಸ ತನ್ನಿ. ಬೆಟ್ಟದ ಸಾಲಿನ ಹೆಸರನ್ನು ಉದ್ದಕ್ಕೆ ಬಿಡಿಸಿ ಬರೆಯುವಾಗ ‘ಕ್ಕೊ’, ‘ಳ್ಳಿ’ ಥರದವನ್ನು ಒಡೆಯದೆ ಒಂದೊಂದು ಪೂರ್ತಿ ಅಕ್ಷರವನ್ನೇ ದೂರ ದೂರ ಇಡಿ. ನದಿಯ ಹೆಸರು ನದಿಯ ಜೊತೆಗೇ ಬಾಗಲಿ.

ಹೆಸರಾದ ಮೇಲೆ ಕರಾವಳಿ, ನದಿ. ಆಮೇಲೆ ಬೆಟ್ಟ. ಹಾಳೆಯ ಕೆಳಗಿನ ಬೆಟ್ಟಗಳನ್ನು ಮೊದಲು ಬರೆದು ಮೇಲಕ್ಕೆ ಹೋಗಿ, ಆಗ ಹಿಂದಿನ ಬೆಟ್ಟದ ಗೆರೆ ಮುಂದಿನ ಬೆಟ್ಟಕ್ಕೆ ತಾಗುವ ಮೊದಲೇ ನಿಲ್ಲಿಸಬಹುದು. ಬೆಟ್ಟಕ್ಕೆ ಸಮ ತ್ರಿಕೋನ ಬೇಡ. ಒಂದು ಕಡೆ ಕಡಿದಾಗಿ, ಇನ್ನೊಂದು ಕಡೆ ಇಳಿಜಾರಾಗಿ, ತುದಿಯಿಂದ ಸೊಟ್ಟ ಗೆರೆಯೊಂದನ್ನು ಕೆಳಗೆ ಇಳಿಸಿ ಅದರ ಬಲಕ್ಕೆ ಮಾತ್ರ ಸಣ್ಣ ಸಣ್ಣ ಗೀಟು ಹಾಕಿ. ಬೆಳಕು ಎಡ ಮೇಲಿನ ಮೂಲೆಯಿಂದ ಬರುತ್ತಿದೆ ಅಂತ ಇಡೀ ನಕ್ಷೆಗೆ ಒಂದೇ ನಿಯಮ ಇರಲಿ. ಇಳಿಜಾರನ್ನು ಗೀಟುಗಳಲ್ಲಿ ತೋರಿಸುವುದು ಹಳೇ ಸರ್ವೆಯವರ ವಿಧಾನ. 1799ರ ನಂತರ ಮೈಸೂರು ಸೀಮೆಯನ್ನು ಅಳೆಸಿದ ಕಾಲಿನ್ ಮೆಕೆಂಜಿ ಕಾಲದ ನಕ್ಷೆಗಳು ನೋಡಲು ಸಿಕ್ಕರೆ ಬಿಡಬೇಡಿ, ಬೆಟ್ಟ ಬರೆಯುವುದನ್ನು ಅಲ್ಲಿಂದ ಕಲಿಯಬಹುದು.

ಕಾಡು ಕೊನೆಗೆ. ಅಂಚಿನ ಮರಗಳನ್ನು ಮಾತ್ರ ಬಿಡಿಸಿ, ಒಳಗೆ ಅಲ್ಲೊಂದು ಇಲ್ಲೊಂದು ಗುರುತು ಸಾಕು. ದಿಕ್ಸೂಚಿ ಮತ್ತು ಅಳತೆಯ ಪಟ್ಟಿಯನ್ನು ಖಾಲಿ ಮೂಲೆಯಲ್ಲಿ ಹಾಕಿ.

ಶಾಯಿ ಪೂರ್ತಿ ಒಣಗಲಿ, ಆಮೇಲೆ ರಬ್ಬರ್ ಹಿಡಿಯಿರಿ. ಬಣ್ಣ ಹಚ್ಚುವ ಆಸೆ ಇದ್ದರೆ ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ ಎ3ಯಲ್ಲೇ ಎರಡು ಮೂರು ಕಾಪಿ ತೆಗೆಸಿಟ್ಟುಕೊಳ್ಳಿ. ಒಂದರ ಮೇಲೆ ಬಣ್ಣ ಪ್ರಯೋಗ ಮಾಡಿ, ಇನ್ನೊಂದರ ಮೇಲೆ ಐವತ್ತು ವರ್ಷದ ನಂತರ ಅದೇ ನಾಡು ಹೇಗಿರುತ್ತದೆ ಅಂತ ಹೊಸ ನಾಲೆ, ಹೊಸ ರಸ್ತೆ ಎಳೆದು ನೋಡಿ.