ಜಾಂಗ್ ಹಡಗಿನ ಕ್ಲೇಮು

ಗುಲಾಮರ ವ್ಯಾಪಾರದ ಪಾಠವನ್ನು ಮೊದಮೊದಲು ನಾನು ‘ಇದು ಅಮಾನವೀಯ’ ಎಂದೇ ಶುರುಮಾಡುತ್ತಿದ್ದೆ. ಮಕ್ಕಳು ತಲೆಯಾಡಿಸಿ ಅದನ್ನೇ ಬರೆದುಕೊಳ್ಳುತ್ತಿದ್ದರು. ತಪ್ಪೆಂದು ಎಲ್ಲರೂ ಒಪ್ಪಿದ ಮೇಲೆ ಮಾತಾಡೋಕೆ ಏನಿದೆ?

ಬಿ.ಕಾಂ. ತರಗತಿಗೆ ಇತಿಹಾಸ ಹೇಳಬೇಕಾಗಿ ಬಂದ ವರ್ಷ ಬೋರ್ಡಿನ ಮೇಲೆ ಒಂದು ವಿಮೆ ಕ್ಲೇಮು ಬರೆದೆ. ಮಾಲೀಕರು ಲಿವರ್‌ಪೂಲಿನವರು. 1781ರ ನವೆಂಬರ್. ಜಮೈಕಾಕ್ಕೆ ಹೊರಟ ‘ಜಾಂಗ್’ ಎಂಬ ಹಡಗು ದಾರಿ ತಪ್ಪಿ ದ್ವೀಪವನ್ನು ದಾಟಿ ಹೋಯಿತು. ಕುಡಿಯುವ ನೀರು ಸಾಲದೆಂದು ಸರಕಿನ ಒಂದು ಭಾಗವನ್ನು ಕಡಲಿಗೆ ಎಸೆದರು. ವಿಮೆ ಸರಕಿನ ನಗವೊಂದಕ್ಕೆ 30 ಪೌಂಡ್. ಕೊಡಬೇಕೋ, ಬೇಡವೋ? ಮಿಕ್ಕ ಸರಕನ್ನು ಉಳಿಸಲು ಎಸೆದದ್ದಾದರೆ ಕೊಡಬೇಕು ಅಂದರು ಮಕ್ಕಳು. ಆಮೇಲೆ ಹೇಳಿದೆ, ಆ ಸರಕು ಅಂದರೆ 130ಕ್ಕೂ ಹೆಚ್ಚು ಆಫ್ರಿಕನ್ನರು ಅಂತ. ಒಬ್ಬಳು ಎದ್ದು, “ಸರ್, ನೀವು ನಮಗೆ ಮೋಸ ಮಾಡಿದ್ರಿ” ಅಂದಳು. ಅವಳ ಮಾತು ಸರಿ. ಅದು ಅಗ್ಗದ ಗಿಮಿಕ್ಕು.

ಮರುವರ್ಷ ಎಸೆದದ್ದು ಮನುಷ್ಯರನ್ನು ಎಂದು ಮೊದಲೇ ಹೇಳಿದೆ. ಆದರೂ ಹತ್ತೇ ನಿಮಿಷದಲ್ಲಿ ಚರ್ಚೆ ನೀರಿನ ಲೆಕ್ಕಕ್ಕೆ ಬಂತು. ಮಳೆ ಬಂದಿತ್ತಾ ಸರ್? ಬಂದಿತ್ತು, ಅದಾದ ಮೇಲೂ ಎಸೆದರು. ಜಮೈಕಾ ಮುಟ್ಟಿದಾಗ ಎಷ್ಟು ನೀರು ಉಳಿದಿತ್ತು? 420 ಗ್ಯಾಲನ್. “ಹಾಗಾದ್ರೆ ಕ್ಲೇಮು ರಿಜೆಕ್ಟ್!” ಹುಡುಗನ ಮುಖದಲ್ಲಿ ಗೆದ್ದ ಖುಷಿ.

1783ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಆದದ್ದೂ ಇದೇ ನೀರಿನ ಲೆಕ್ಕದ ಚರ್ಚೆ. ಜ್ಯೂರಿ ಮಾಲೀಕರ ಪರ ನಿಂತಿತು. ವಿಮೆಯವರು ಮರುವಿಚಾರಣೆ ಕೇಳಿದರು. ಮಳೆಯ ಸಂಗತಿ ನೋಡಿ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಒಪ್ಪಿದ. ಕೇಳಿದರೆ ಎದೆ ನಡುಗುತ್ತದೆ, ಆದರೂ ಕಾನೂನಿನ ಪ್ರಕಾರ ಕುದುರೆಗಳನ್ನು ಎಸೆದ ಹಾಗೆಯೇ ಎಂದವನೂ ಅವನೇ. ಹಿಂದೆ ತಾನೇ ಗುಲಾಮನಾಗಿದ್ದ ಇಕ್ವಿಯಾನೊ ಈ ಸುದ್ದಿಯನ್ನು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರ್ಯಾನ್‌ವಿಲ್ ಶಾರ್ಪ್‌ಗೆ ಮುಟ್ಟಿಸಿದ್ದ. ಕೊಲೆ ಮೊಕದ್ದಮೆ ಹೂಡಿಸಲು ಶಾರ್ಪ್ ಓಡಾಡಿದ. ಯಾರ ಮೇಲೂ ಹೂಡಲಿಲ್ಲ.

ಈಗ ಚರ್ಚೆ ಮುಗಿದ ಮೇಲೆ ಒಂದು ಚೀಟಿ ಬರೆಸುತ್ತೇನೆ: ಕ್ಲೇಮು ಯಾಕೆ ತಿರಸ್ಕರಿಸುತ್ತೀರಿ, ಒಂದೇ ವಾಕ್ಯದಲ್ಲಿ. ಹೆಚ್ಚಿನವರು ‘ನೀರಿತ್ತು’ ಎಂದೇ ಬರೆಯುತ್ತಾರೆ. ಹಾಗಿದ್ದರೆ ನೀರು ನಿಜಕ್ಕೂ ಇಲ್ಲದಿದ್ದರೆ ದುಡ್ಡು ಕೊಡುತ್ತಿದ್ದಿರಾ? ಅಲ್ಲಿಂದ ನಿಜವಾದ ಪಾಠ ಶುರು.

ಚೀಟಿಗಳನ್ನು 1833ರ ಪಾಠದವರೆಗೆ ಎತ್ತಿಡುತ್ತೇನೆ. ಗುಲಾಮಗಿರಿ ರದ್ದು ಮಾಡುವಾಗ ಬ್ರಿಟಿಷ್ ಪಾರ್ಲಿಮೆಂಟು 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಮಾಲೀಕರಿಗೆ. ಬಿಡುಗಡೆಯಾದವರಿಗೆ ಏನೂ ಇಲ್ಲ. ‘ಅಪ್ರೆಂಟಿಸ್’ ಎಂಬ ಹೆಸರಲ್ಲಿ ಬಹಳ ಜನ 1838ರವರೆಗೂ ಅದೇ ತೋಟಗಳಲ್ಲಿ ದುಡಿದರು. ಇಷ್ಟು ಹೇಳಿ ಚೀಟಿ ವಾಪಸ್ ಕೊಟ್ಟು, ಬೇಕಿದ್ದರೆ ತಿದ್ದಿ ಅನ್ನುತ್ತೇನೆ. ತಿದ್ದುವವರು ನಾಲ್ಕೈದು ಜನ.