ಪಂಚಾಂಗ ನೋಡಿ ಅಂಡಮಾನಿಗೆ ಟಿಕೆಟ್ ಮಾಡಿದೆವು

ಅಂಡಮಾನಿಗೆ ಯಾವಾಗ ಹೋಗಬೇಕು ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ: ಅಕ್ಟೋಬರಿನಿಂದ ಮೇ ತನಕ. ಎಂಟು ತಿಂಗಳಾಯಿತಲ್ಲ! ಅದರಲ್ಲಿ ಒಂದು ವಾರ ಆರಿಸುವುದು ಹೇಗೆ? ಅಮ್ಮನಿಗೆ ಸೆಲ್ಯುಲರ್ ಜೈಲು ನೋಡುವ ಆಸೆ ಬಹಳ ವರ್ಷದ್ದು. ಆದರೆ ಅವರಿಗೆ ಬೋಟು ಅಲುಗಾಡಿದರೆ ಸಾಕು, ವಾಂತಿ ಶುರು. ಹಾಗಾಗಿ ಬೇರೆ ಎಲ್ಲದಕ್ಕಿಂತ ಮುಂಚೆ ನಾನು ನೋಡಿದ್ದು ಕಡಲು ಯಾವಾಗ ಶಾಂತವಾಗಿರುತ್ತದೆ ಅನ್ನುವುದನ್ನು.

ಸೆಕೆ, ಚಳಿ ಅಂತ ಲೆಕ್ಕ ಹಾಕಿದರೆ ಅಂಡಮಾನಿನಲ್ಲಿ ಉಪಯೋಗವಿಲ್ಲ. ವರ್ಷವಿಡೀ ಅಲ್ಲಿ ಸುಮಾರು 23ರಿಂದ 31 ಡಿಗ್ರಿ. ಬದಲಾಗುವುದು ಗಾಳಿ. ಮೇ ಮಧ್ಯದಿಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ. ಕೇರಳಕ್ಕೂ ನಮಗೂ ಮುಂಗಾರು ಬರುವ ಮುಂಚೆಯೇ ಅಲ್ಲಿ ಮಳೆ ಹಿಡಿದಿರುತ್ತದೆ. ಅಕ್ಟೋಬರ್ ಕಳೆದ ಮೇಲೆ ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತದೆ. ಜನವರಿ ತನಕ ಇದೇ ಗಾಳಿ. ಇವೆರಡರ ನಡುವೆ, ಫೆಬ್ರವರಿ ಮಧ್ಯದಿಂದ ಏಪ್ರಿಲ್ ತನಕ, ಗಾಳಿ ಸುಸ್ತಾಗಿ ಸುಮ್ಮನಾಗುತ್ತದೆ. ನಮಗೆ ಬೇಕಾಗಿದ್ದು ಈ ಬಿಡುವು.

ಕರಾವಳಿಯವರಿಗೆ ಇದು ಹೊಸದಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟುಗಳನ್ನು ಮಳೆಗಾಲದಲ್ಲಿ ನಿಲ್ಲಿಸುತ್ತಾರೆ, ಅಲ್ವಾ? ಗಾಳಿ ಪಶ್ಚಿಮದ ಕಡೆಯಿಂದ ನೇರ ದಡಕ್ಕೆ ಬಡಿಯುತ್ತದೆ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ (ಈಗಿನ ಹೆಸರು ಸ್ವರಾಜ್ ದ್ವೀಪ) ರಾಧಾನಗರ ಬೀಚೂ ಪಶ್ಚಿಮ ದಡದ್ದೇ, ಮುಂಗಾರಿನಲ್ಲಿ ಅದರ ಅಲೆ ಒರಟು. ಕಾಲಾಪತ್ಥರ್, ವಿಜಯನಗರ ಬೀಚುಗಳು ಪೂರ್ವಕ್ಕಿವೆ. ಡಿಸೆಂಬರಿನ ಗಾಳಿ ಹೊಡೆಯುವುದು ಅವಕ್ಕೆ. ರಾಜಧಾನಿ ಪೋರ್ಟ್ ಬ್ಲೇರಿನಿಂದ (ಈಗಿನ ಹೆಸರು ಶ್ರೀ ವಿಜಯಪುರಂ) ಹ್ಯಾವ್‌ಲಾಕಿಗೆ ಹೋಗುವ ಫೆರಿಯ ದಾರಿಯೂ ಪೂರ್ವದ ಕಡೆಯದೇ. ಕ್ರಿಸ್‌ಮಸ್ ರಜೆಗೆ ಹೋಗಿ ಬಂದವರು "ಬೀಚು ಚೆನ್ನಾಗಿತ್ತು, ಫೆರಿಯಲ್ಲಿ ಸಾಕಾಯಿತು" ಅನ್ನುವುದು ಇದಕ್ಕೇ.

ನವೆಂಬರ್, ಡಿಸೆಂಬರನ್ನು ನಾನು ಪೂರ್ತಿ ಬಿಟ್ಟೆ. ಅದು ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. 2013ರ ನವೆಂಬರಿನಲ್ಲಿ ಲೆಹರ್ ಚಂಡಮಾರುತ ಪೋರ್ಟ್ ಬ್ಲೇರ್ ಹತ್ತಿರವೇ ಹಾದುಹೋಯಿತು. 2016ರ ಡಿಸೆಂಬರಿನಲ್ಲಿ, ಮುಂದೆ ವಾರ್ದಾ ಚಂಡಮಾರುತವಾದ ವಾಯುಭಾರ ಕುಸಿತದಿಂದ ಫೆರಿಗಳೆಲ್ಲ ನಿಂತು, ಹ್ಯಾವ್‌ಲಾಕ್ ಮತ್ತು ನೀಲ್ (ಈಗಿನ ಶಹೀದ್) ದ್ವೀಪಗಳಲ್ಲಿ ಸುಮಾರು 1400 ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆ ಹೋಗಿ ಕರೆದುಕೊಂಡು ಬರಬೇಕಾಯಿತು. ಬಿಪಿ ಮಾತ್ರೆ ಲೆಕ್ಕ ಮಾಡಿ ತರುವ ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇದನ್ನು ಯೋಚಿಸಲೇಬೇಕು.

ದಸರಾ ರಜೆಗೆ ಹೋಗೋಣ ಅಂತ ಮಕ್ಕಳು ಹಟ ಮಾಡಿದರು. ಅಕ್ಟೋಬರಿನಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಬೇಡ ಅಂದೆ.

ತಿಂಗಳು ಸಿಕ್ಕಿತು. ಇನ್ನು ವಾರ ಆರಿಸಬೇಕು. ಇಲ್ಲಿ ನಾನು ಹವಾಮಾನದ ಆಪ್ ಬದಿಗಿಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದೆ. ಕಾರಣ ಇಷ್ಟೆ. ನೀಲ್ ದ್ವೀಪದ ಕಲ್ಲಿನ ಸೇತುವೆ, ಅಂದರೆ ಕಡಲೇ ಕೊರೆದ ಕಮಾನು, ಇಳಿತದಲ್ಲಿ ಮಾತ್ರ ಹತ್ತಿರ ಹೋಗಿ ನೋಡಲು ಆಗುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ನೀರು ಅಷ್ಟೇನೂ ಇಳಿಯುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಇಳಿತ ಜೋರು. ಇನ್ನೊಂದು, ಕತ್ತಲೆ ರಾತ್ರಿಯಲ್ಲಿ ಹ್ಯಾವ್‌ಲಾಕಿನ ನೀರು ಮಿನುಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಅಲುಗಿದಾಗ ಬೆಳಕು ಬಿಡುತ್ತವೆ. ಬೆಳದಿಂಗಳಿದ್ದರೆ ಅದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಎರಡಕ್ಕೂ ಆಗುವುದು ಅಮಾವಾಸ್ಯೆ.

ಫೆಬ್ರವರಿ, ಮಾರ್ಚಿನ ಅಮಾವಾಸ್ಯೆ ಅಂದರೆ ಶಿವರಾತ್ರಿಯ ಬೆನ್ನಿಗೆ ಬರುವುದು. ಚಳಿ ಶಿವ ಶಿವ ಅಂತ ಹೋಗುವ ಹೊತ್ತಿಗೆ ಅಂಡಮಾನಿನ ಕಡಲೂ ತಣ್ಣಗಾಗಿರುತ್ತದೆ. ಜೊತೆಗೆ ಒಂದು ರಜೆ. ಇಷ್ಟು ಚೆನ್ನಾಗಿ ಹೊಂದಿಕೊಂಡಿದ್ದು ನೋಡಿ ನನಗೆ ಖುಷಿಯೋ ಖುಷಿ.

"ಅಮಾವಾಸ್ಯೆ ದಿನ ಹೊರಡುವುದಾದರೆ ನಾನು ಬರಲ್ಲ" ಅಂದರು ಅಮ್ಮ.

"ಅಮ್ಮಾ, ಹೊರಡುವುದು ದಶಮಿಗೆ. ಅಮಾವಾಸ್ಯೆ ಹೊತ್ತಿಗೆ ನಾವು ಅಲ್ಲೇ ಇರ್ತೀವಿ."

"ಹಾಗಾದರೆ ಸರಿ. ಶಿವರಾತ್ರಿಗೆ ಅಲ್ಲೊಂದು ದೇವಸ್ಥಾನ ಹುಡುಕು."

ಪೋರ್ಟ್ ಬ್ಲೇರಿನಲ್ಲಿ ತಮಿಳರು, ತೆಲುಗರು, ಬಂಗಾಳಿಗಳು ತಲೆಮಾರುಗಳಿಂದ ಇದ್ದಾರೆ. ದೇವಸ್ಥಾನ ಹುಡುಕುವುದು ಕಷ್ಟವಾಗಲಿಲ್ಲ. ಜೈಲು, ಅಲ್ಲಿನ ಧ್ವನಿ-ಬೆಳಕಿನ ಪ್ರದರ್ಶನ, ಶಿವರಾತ್ರಿ ಎಲ್ಲ ಅಲ್ಲೇ ಮುಗಿಸಿ ಹ್ಯಾವ್‌ಲಾಕಿಗೆ ಹೊರಟೆವು. ಫೆರಿಯಲ್ಲಿ ಅಮ್ಮ ಕಿಟಕಿ ಪಕ್ಕ ಕೂತು ನಿಂಬೆಹಣ್ಣು ಕೈಯಲ್ಲಿ ಹಿಡಿದಿದ್ದರು. ಮೂಸಿ ನೋಡುವ ಅಗತ್ಯವೇ ಬೀಳಲಿಲ್ಲ.

ಅಮಾವಾಸ್ಯೆಯ ರಾತ್ರಿ ಮಕ್ಕಳ ಜೊತೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಪಕ್ಕ ಕಯಾಕಿನಲ್ಲಿ ಹೋದೆ. ಹುಟ್ಟು ನೀರಿಗೆ ಬಿದ್ದಲ್ಲೆಲ್ಲ ನೀಲಿ ಹಸಿರು ಕಿಡಿ. ಮಗಳು ನೀರಿನಲ್ಲಿ ಬೆರಳಾಡಿಸಿದಳು. ಬೆರಳಿನ ಹಿಂದೆ ಬೆಳಕಿನ ಗೆರೆ ಎದ್ದು, ಕೈ ಎತ್ತಿದಾಗ ಮಣಿಕಟ್ಟಿನ ಮೇಲೆ ಒಂದೆರಡು ಚುಕ್ಕಿ ಉಳಿದು ಆರಿಹೋದವು. ಅವಳು ಅದನ್ನೇ ಮತ್ತೆ ಮತ್ತೆ ಮಾಡಿದಳು. ಕಯಾಕ್ ಮುಂದೆ ಹೋಗಲೇ ಇಲ್ಲ.

ಆಮೇಲೆ ನೀಲ್. ಬೆಳಿಗ್ಗೆ ಉಬ್ಬರದಲ್ಲಿ ಭರತ್‌ಪುರ ಬೀಚಿನಲ್ಲಿ ಗಾಜಿನ ತಳದ ಬೋಟು, ಯಾಕೆಂದರೆ ನೀರು ಇಳಿದರೆ ಅದು ಓಡುವುದಿಲ್ಲ. ಮಧ್ಯಾಹ್ನದ ಮೇಲೆ ಕಲ್ಲಿನ ಸೇತುವೆ. ನೀರು ಹಿಂದೆ ಸರಿದು ಹವಳದ ಕಲ್ಲುಗಳ ನಡುವೆ ಸಣ್ಣ ಸಣ್ಣ ಗುಂಡಿ ಉಳಿದಿದ್ದವು. ಒಂದರಲ್ಲಿ ಕಪ್ಪು ಕಡಲ ಸೌತೆ, ಇನ್ನೊಂದರಲ್ಲಿ ನೀಲಿ ತುಟಿಯ ಚಿಪ್ಪು. ನಮ್ಮ ನೆರಳು ಬಿದ್ದ ಕೂಡಲೇ ಆ ತುಟಿ ಒಳಗೆ ಹೋಯಿತು. ಕಲ್ಲು ವಿಪರೀತ ಜಾರುತ್ತದೆ, ರಬ್ಬರ್ ತಳದ ಚಪ್ಪಲಿ ಬೇಕೇ ಬೇಕು. ಜೀವಂತ ಹವಳದ ಮೇಲೆ ದಯವಿಟ್ಟು ಕಾಲಿಡಬೇಡಿ. 2010ರಲ್ಲಿ ಮತ್ತು 2016ರಲ್ಲಿ ನೀರು ಬಿಸಿಯಾಗಿ ಅಂಡಮಾನಿನ ಹವಳ ಬಿಳಿಚಿಕೊಂಡಿತ್ತು. ಇನ್ನೂ ಚೇತರಿಸಿಕೊಳ್ಳುತ್ತಿರುವುದನ್ನು ನಾವು ತುಳಿಯುವುದು ಸರಿಯಲ್ಲ.

ದಿನದ ಲೆಕ್ಕವೂ ಅಲ್ಲಿ ಬೇರೆ. ಗಡಿಯಾರ ನಮ್ಮದೇ, ಆದರೆ ಜಾಗ ತುಂಬಾ ಪೂರ್ವಕ್ಕೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗುತ್ತಾನೆ. ಫೆಬ್ರವರಿ ಕೊನೆಗೆ ಹೆಚ್ಚುಕಮ್ಮಿ ಐದೂವರೆ. ಆ ಅರ್ಧ ಗಂಟೆ ರಾಧಾನಗರದಲ್ಲಿ ದೊಡ್ಡದು.

ಪರೀಕ್ಷೆ ಬರೆಯುವ ಮಕ್ಕಳಿದ್ದರೆ ಶಿವರಾತ್ರಿ ಸಮಯ ಆಗುವುದಿಲ್ಲ. ಅವರು ಯುಗಾದಿ ಮುಗಿಸಿ ದವನದ ಹುಣ್ಣಿಮೆಯನ್ನು ಹಿಡಿಯಬಹುದು. ಮಿನುಗುವ ನೀರು ಸಿಗುವುದಿಲ್ಲ, ಆದರೆ ಇಳಿತ ಸಿಗುತ್ತದೆ, ಕಡಲು ಇನ್ನೂ ತಿಳಿಯಾಗಿರುತ್ತದೆ. ಸೆಕೆ ಜಾಸ್ತಿ, ತಡೆದುಕೊಳ್ಳಬೇಕು. ಮೇ ರಜೆ ತನಕ ಮಾತ್ರ ಕಾಯಬೇಡಿ.

2027ರಲ್ಲಿ ಶಿವರಾತ್ರಿ ಮಾರ್ಚ್ 6ಕ್ಕೆ ಬರುತ್ತದೆ. ಹೋಗುವವರು ಮೊದಲು ಫೆರಿ ಸೀಟು ನೋಡಿ, ಆಮೇಲೆ ರೂಮು. 2022ರ ಮಾರ್ಚಿನಲ್ಲೂ ಒಂದು ವಾಯುಭಾರ ಕುಸಿತ ಅಂಡಮಾನ್ ಪಕ್ಕ ಹಾದುಹೋಗಿತ್ತು. ಅದಕ್ಕೆ ಒಂದು ದಿನ ಕೈಯಲ್ಲಿ ಉಳಿಸಿಕೊಳ್ಳಿ. ಆ ದಿನ ಹ್ಯಾವ್‌ಲಾಕಿನಲ್ಲಿ ಬೇಡ, ವಾಪಸ್ ವಿಮಾನದ ಹಿಂದಿನ ದಿನ ಪೋರ್ಟ್ ಬ್ಲೇರಿನಲ್ಲಿ ಇರಲಿ. ಫೆರಿ ಒಂದು ದಿನ ತಡವಾದರೂ ವಿಮಾನ ತಪ್ಪುವುದಿಲ್ಲ.