ಸ್ಪ್ರಿಂಗ್ ಮತ್ತು ಇಳಿಜಾರಿನ ಲೆಕ್ಕ: ಎರಡು ಕ್ಷಣ ಹಿಡಿದರೆ ಸಾಕು

ಮೊದಲು ಲೆಕ್ಕವನ್ನೇ ಮುಂದಿಟ್ಟುಕೊಳ್ಳೋಣ. 30 ಡಿಗ್ರಿ ಕೋನದ ನುಣುಪಾದ ಇಳಿಜಾರು. ಅದರ ಬುಡದಲ್ಲಿ ಇಳಿಜಾರಿಗೆ ಸಮಾಂತರವಾಗಿ ಒಂದು ಸ್ಪ್ರಿಂಗ್ ಇದೆ. ಕೆಳತುದಿ ಭದ್ರವಾಗಿದೆ, ಮೇಲ್ತುದಿ ಮುಕ್ತ. ಸ್ಪ್ರಿಂಗ್ ಸ್ಥಿರಾಂಕ, ಅಂದರೆ ಅದರ ಬಿಗಿತದ ಅಳತೆ, ಮೀಟರಿಗೆ 160 ನ್ಯೂಟನ್. ಮೇಲ್ತುದಿಯಿಂದ ಇಳಿಜಾರಿನ ಗುಂಟ 1.5 ಮೀಟರ್ ಮೇಲೆ 2 ಕಿಲೋಗ್ರಾಂ ದ್ರವ್ಯರಾಶಿಯ ಮರದ ತುಂಡನ್ನು ಇಟ್ಟು ಕೈಬಿಡುತ್ತೇವೆ. ಸ್ಪ್ರಿಂಗ್ ಗರಿಷ್ಠ ಎಷ್ಟು ಕುಗ್ಗುತ್ತದೆ? ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಳ್ಳಿ.

ಇಂಥ ಪ್ರಶ್ನೆ ಕಂಡೊಡನೆ ಹೆಚ್ಚಿನ ವಿದ್ಯಾರ್ಥಿಗಳು ಬಲದ ಬಾಣಗಳನ್ನು ಎಳೆಯಲು ಕೂರುತ್ತಾರೆ. ತುಂಡು ಸ್ಪ್ರಿಂಗನ್ನು ಮುಟ್ಟುವವರೆಗೆ ಆ ದಾರಿ ಸಲೀಸು. ಮುಟ್ಟಿದ ಮೇಲೆ ಗೋಜಲು ಶುರು. ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದಂತೆ ಸ್ಪ್ರಿಂಗಿನ ಬಲ ಕುಗ್ಗಿದಷ್ಟೂ ಏರುತ್ತದೆ; ಆದ್ದರಿಂದ ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ವೇಗೋತ್ಕರ್ಷ ಬದಲಾಗುವಲ್ಲಿ ಬಾಯಿಪಾಠ ಮಾಡಿದ ಚಲನೆಯ ಸೂತ್ರಗಳು ಕೈಕೊಡುತ್ತವೆ. ಶಕ್ತಿ ಸಂರಕ್ಷಣೆಗೆ, ಅಂದರೆ ಒಟ್ಟು ಶಕ್ತಿ ಬದಲಾಗದು ಎಂಬ ನಿಯಮಕ್ಕೆ, ಈ ತಾಪತ್ರಯವಿಲ್ಲ. ನಡುವೆ ಏನಾಯಿತೆಂದು ಅದು ಕೇಳುವುದೇ ಇಲ್ಲ. ಮೊದಲು ಎಷ್ಟಿತ್ತು, ಕೊನೆಗೆ ಎಷ್ಟಿದೆ, ಅಷ್ಟೇ.

ಹಾಗಾಗಿ ಮೊದಲ ಹೆಜ್ಜೆ, ಎರಡು ಕ್ಷಣಗಳನ್ನು ಆರಿಸುವುದು. ಲೆಕ್ಕದ ಅರ್ಧ ಜಾಣತನ ಇರುವುದು ಇಲ್ಲೇ. ಕೈಬಿಟ್ಟ ಕ್ಷಣ ಒಂದು, ಸ್ಪ್ರಿಂಗ್ ಪೂರ್ತಿ ಕುಗ್ಗಿದ ಕ್ಷಣ ಇನ್ನೊಂದು. ಎರಡರಲ್ಲೂ ತುಂಡಿನ ವೇಗ ಸೊನ್ನೆ, ಹಾಗಾಗಿ ಚಲನ ಶಕ್ತಿಯನ್ನು ಬರೆಯುವ ಗೋಜೇ ಇಲ್ಲ. ಕೆಲವರು ಸ್ಪ್ರಿಂಗ್ ಮುಟ್ಟಿದ ಕ್ಷಣದ ವೇಗವನ್ನು ಮೊದಲು ಕಂಡುಹಿಡಿದು ಮುಂದುವರಿಯುತ್ತಾರೆ. ಅದು ತಪ್ಪಲ್ಲ, ಆದರೆ ದುಪ್ಪಟ್ಟು ಕೆಲಸ.

ಎರಡನೆಯದು, ಎತ್ತರದ ಸೊನ್ನೆಯನ್ನು ಎಲ್ಲಿಡಬೇಕೆಂಬುದು. ಎಲ್ಲಿಟ್ಟರೂ ಉತ್ತರ ಒಂದೇ. ತುಂಡು ತಲುಪುವ ಅತಿ ಕೆಳಗಿನ ಬಿಂದುವಿನಲ್ಲಿ ಇಟ್ಟರೆ ಋಣ ಚಿಹ್ನೆಗಳ ಕಾಟ ತಪ್ಪುತ್ತದೆ.

ಈಗ ಸಮೀಕರಣ. ಗರಿಷ್ಠ ಕುಗ್ಗುವಿಕೆಯನ್ನು ಕ್ಷ ಎನ್ನೋಣ. ತುಂಡು ಜಾರಿದ ಒಟ್ಟು ದೂರ 1.5 ಅಲ್ಲ, 1.5 + ಕ್ಷ. ಸ್ಪ್ರಿಂಗ್ ಕುಗ್ಗುತ್ತಿರುವಾಗಲೂ ತುಂಡು ಕೆಳಗಿಳಿಯುತ್ತಲೇ ಇರುತ್ತದೆಯಲ್ಲ! ಅತಿ ಹೆಚ್ಚು ಅಂಕಗಳು ಸೋರಿಹೋಗುವುದು ಈ ಒಂದು ಕ್ಷ ಮರೆತಾಗ. ಸೈನ್ 30 ಅಂದರೆ 0.5, ಆದ್ದರಿಂದ ಇಳಿದ ಎತ್ತರ ಆ ದೂರದ ಅರ್ಧ.

ಕಳೆದುಕೊಂಡ ಪ್ರಚ್ಛನ್ನ ಶಕ್ತಿ (ಎತ್ತರದಿಂದ ಬಂದದ್ದು; ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ × ಎತ್ತರ): 2 × 10 × 0.5 × (1.5 + ಕ್ಷ) = 10 (1.5 + ಕ್ಷ)
ಸ್ಪ್ರಿಂಗಿನಲ್ಲಿ ಸೇರಿದ ಶಕ್ತಿ (½ × ಸ್ಪ್ರಿಂಗ್ ಸ್ಥಿರಾಂಕ × ಕುಗ್ಗುವಿಕೆಯ ವರ್ಗ): ½ × 160 × ಕ್ಷ² = 80 ಕ್ಷ²

ಎರಡನ್ನೂ ಸಮ ಮಾಡಿದರೆ 80 ಕ್ಷ² − 10 ಕ್ಷ − 15 = 0. ಬಿಡಿಸಿದರೆ ಕ್ಷ = 0.5 ಅಥವಾ −0.375. ಉತ್ತರ 0.5 ಮೀಟರ್. ಎತ್ತರದಲ್ಲಿ ಕ್ಷ ಮರೆತಿದ್ದರೆ ಸುಮಾರು 0.43 ಬರುತ್ತಿತ್ತು, ನೋಡಲು ಸರಿಯೆಂಬಂತೆಯೇ ಇರುವ ತಪ್ಪು ಉತ್ತರ.

ಋಣ ಉತ್ತರವನ್ನು ಗೀಚಿಹಾಕುವ ಮುನ್ನ ಒಮ್ಮೆ ನೋಡಿ. ತುಂಡು ಸ್ಪ್ರಿಂಗಿಗೆ ಅಂಟಿಕೊಂಡಿದ್ದರೆ ಅದು ಮೇಲೆ ಕೆಳಗೆ ಆಂದೋಲಿಸುತ್ತಿತ್ತು. ಮೇಲಿನ ಕೊನೆಯಲ್ಲಿ ಸ್ಪ್ರಿಂಗ್ 37.5 ಸೆಂಟಿಮೀಟರ್ ಹಿಗ್ಗಿರುತ್ತಿತ್ತು ಎಂದು ಆ ಸಂಖ್ಯೆ ಹೇಳುತ್ತಿದೆ. ಎರಡೂ ಉತ್ತರಗಳ ನಟ್ಟನಡುವಿನ ಬಿಂದು 0.0625 ಮೀಟರ್. ಸ್ಪ್ರಿಂಗಿನ ಬಲವೂ ಇಳಿಜಾರಿನ ಗುಂಟ ಎಳೆಯುವ ಗುರುತ್ವ ಬಲವೂ ತಲಾ 10 ನ್ಯೂಟನ್ ಆಗಿ ಸರಿದೂಗುವುದು ಅಲ್ಲಿಯೇ. ತುಂಡಿನ ವೇಗ ಗರಿಷ್ಠವಾಗುವುದೂ ಅಲ್ಲಿ, ಸ್ಪ್ರಿಂಗ್ ಮುಟ್ಟಿದ ಕ್ಷಣದಲ್ಲಿ ಅಲ್ಲ. ‘ಗರಿಷ್ಠ ಕುಗ್ಗುವಿಕೆಯಲ್ಲಿ ತುಂಡು ನಿಂತಿದೆ, ಆದ್ದರಿಂದ ಬಲಗಳು ಸಮ’ ಎಂದುಕೊಂಡವರಿಗೆ ಈ 0.0625 ಉತ್ತರವಾಗಿ ಸಿಗುತ್ತದೆ. ವೇಗ ಸೊನ್ನೆಯಾದ ಮಾತ್ರಕ್ಕೆ ಬಲ ಸೊನ್ನೆಯಾಗುವುದಿಲ್ಲ: ಅರ್ಧ ಮೀಟರ್ ಕುಗ್ಗಿದಾಗ ಸ್ಪ್ರಿಂಗ್ 80 ನ್ಯೂಟನ್ ಬಲದಿಂದ ಮೇಲಕ್ಕೆ ತಳ್ಳುತ್ತಿರುತ್ತದೆ.

ಇನ್ನು ಘರ್ಷಣೆ. ಇಳಿಜಾರು ಒರಟಾಗಿದ್ದು ಘರ್ಷಣಾ ಗುಣಾಂಕ 0.23 ಎಂದುಕೊಳ್ಳಿ. ಲಂಬ ಪ್ರತಿಕ್ರಿಯೆ, ಅಂದರೆ ಇಳಿಜಾರು ತನಗೆ ಲಂಬವಾಗಿ ತುಂಡನ್ನು ತಳ್ಳುವ ಬಲ, 20 ಅಲ್ಲ, 20 × ಕೊಸೈನ್ 30, ಅಂದರೆ 17.3 ನ್ಯೂಟನ್. ಇದನ್ನು ಗುಣಾಂಕದಿಂದ ಗುಣಿಸಿದರೆ ಘರ್ಷಣಾ ಬಲ ಸುಮಾರು 4 ನ್ಯೂಟನ್. ತುಂಡು ಜಾರಿದ ಪ್ರತಿ ಮೀಟರಿಗೂ 4 ಜೂಲ್ ಶಾಖವಾಗಿ ಹೋಗುತ್ತದೆ. ಸಮೀಕರಣದಲ್ಲಿ 10ರ ಜಾಗಕ್ಕೆ 6 ಬರುತ್ತದೆ: 6 (1.5 + ಕ್ಷ) = 80 ಕ್ಷ². ಉತ್ತರ 0.375 ಮೀಟರ್.

ಮರಳಿ ಚಿಮ್ಮಿದಾಗ ಎಷ್ಟು ಮೇಲೇರುತ್ತದೆ ಎಂದೂ ಕೇಳುವುದುಂಟು. ಘರ್ಷಣೆ ಯಾವಾಗಲೂ ಚಲನೆಗೆ ವಿರುದ್ಧ. ಆದ್ದರಿಂದ ಇಳಿಯುವಾಗ 10ರಿಂದ 4 ಕಳೆದೆವು, ಏರುವಾಗ 10ಕ್ಕೆ 4 ಕೂಡಿಸಬೇಕು. ಸ್ಪ್ರಿಂಗಿನಲ್ಲಿರುವುದು 11.25 ಜೂಲ್; 14ರಿಂದ ಭಾಗಿಸಿದರೆ ಸುಮಾರು 0.8 ಮೀಟರ್. ಈ ದೂರ ಅತಿ ಕುಗ್ಗಿದ ಬಿಂದುವಿನಿಂದ ಎಣಿಸಿದ್ದು, ಸ್ಪ್ರಿಂಗಿನ ಮೇಲ್ತುದಿಯಿಂದಲ್ಲ. ಇಳಿದದ್ದು 1.875 ಮೀಟರ್, ಏರಿದ್ದು ಅದರ ಅರ್ಧಕ್ಕಿಂತ ಕಡಿಮೆ.

ಈ ವಿಧಾನಕ್ಕೆ ಎಟುಕದ ಪ್ರಶ್ನೆಗಳೂ ಇವೆ. ಎಷ್ಟು ಹೊತ್ತು ಹಿಡಿಯಿತು ಎಂದರೆ ಶಕ್ತಿಯ ಸಮೀಕರಣದಲ್ಲಿ ಕಾಲವೇ ಇಲ್ಲ. ಕೊನೆಗೆ ತುಂಡು ಎಲ್ಲಿ ನಿಂತೀತು ಎಂದು ಕೇಳಿದರೆ ಬದಿಗಿಟ್ಟ ಬಲದ ಬಾಣಗಳನ್ನು ಮತ್ತೆ ಕೈಗೆತ್ತಿಕೊಳ್ಳಬೇಕು: ಸ್ಥಿತ ಘರ್ಷಣೆಯೂ ಗರಿಷ್ಠ 4 ನ್ಯೂಟನ್ ಎಂದಾದರೆ, ಸ್ಪ್ರಿಂಗಿನ ಬಲ 6ರಿಂದ 14 ನ್ಯೂಟನ್ ಒಳಗಿರುವ ಕಡೆ, ಅಂದರೆ ಸ್ಪ್ರಿಂಗ್ 3.75ರಿಂದ 8.75 ಸೆಂಟಿಮೀಟರ್ ಕುಗ್ಗಿರುವಲ್ಲಿ ತುಂಡು ನಿಲ್ಲಬಹುದು.